ಜರ್ಮನಿಯ ಅತಿಥಿ, ಮೂಡಿಗೆರೆಯ ಹೋಂಸ್ಟೇ: ಯಾವ ದೇಶದ ಕಾನೂನು?

ಪ್ರಶ್ನೆ: ಮೂಡಿಗೆರೆ ಬಳಿ ತೋಟದಲ್ಲೇ ನಮ್ಮ ಹೋಂಸ್ಟೇ ಇದೆ. ಇಲ್ಲಿ ಎರಡು ದಿನ ಉಳಿದಿದ್ದ ಜರ್ಮನ್ ದಂಪತಿ ಊರು ಸೇರಿದ ಮೇಲೆ, ‘ನಮ್ಮ ಪಾಸ್‌ಪೋರ್ಟ್ ಪ್ರತಿ ಅಳಿಸಿಬಿಡಿ, ಯುರೋಪಿನ ಕಾನೂನು ಹಾಗೆ ಹೇಳುತ್ತದೆ’ ಎಂದು ಇಮೇಲ್ ಕಳಿಸಿದ್ದಾರೆ. ಆ ಕಾನೂನು ನಮಗೂ ಅನ್ವಯಿಸುತ್ತದೆಯೇ?

ಉತ್ತರ: ಅನ್ವಯಿಸಬಹುದು. ಆದರೆ ಅವರು ಜರ್ಮನ್ನರು ಎಂಬ ಕಾರಣಕ್ಕಲ್ಲ.

2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಅತಿಥಿಯ ಪೌರತ್ವವನ್ನು ಕೇಳುವುದಿಲ್ಲ. ಯುರೋಪಿನಲ್ಲಿರುವವರನ್ನು ಗಿರಾಕಿಗಳಾಗಿ ನೀವೇ ಬಯಸಿ ಕರೆದಿರೋ ಎಂದು ಕೇಳುತ್ತದೆ. ನಿಮ್ಮ ವೆಬ್‌ಸೈಟ್ ಬರ್ಲಿನ್‌ನಲ್ಲೂ ತೆರೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ಏನೂ ಆಗುವುದಿಲ್ಲ. ಜರ್ಮನ್ ಭಾಷೆಯಲ್ಲೊಂದು ಪುಟ, ಕೋಣೆಯ ಬಾಡಿಗೆ ಯೂರೋಗಳಲ್ಲಿ, ಅಲ್ಲಿಂದಲೇ ಬುಕಿಂಗ್ ಎಂದಾದರೆ ಜವಾಬ್ದಾರಿ ತಪ್ಪುವುದು ಕಷ್ಟ. ಬೇಲೂರು ನೋಡಿಕೊಂಡು ಬರುವಾಗ ರಸ್ತೆಬದಿಯ ಬೋರ್ಡ್ ಕಂಡು ಒಳಗೆ ಬಂದವರಾಗಿದ್ದರೆ ನಮ್ಮ ದೇಶದ ಕಾನೂನೇ ಸಾಕು.

ಆ ನಮ್ಮ ಕಾನೂನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಹೆಸರಿನಲ್ಲಿರುವ ‘ಡಿಜಿಟಲ್’ ಸುಮ್ಮನೆ ಬಂದದ್ದಲ್ಲ. ಅತಿಥಿಯ ವಿವರವನ್ನು ನೀವು ಪೆನ್ನಿನಲ್ಲಿ ರಿಜಿಸ್ಟರಿಗೆ ಬರೆದಿಟ್ಟರೆ ಈ ಕಾಯ್ದೆ ಅತ್ತ ತಿರುಗಿ ನೋಡುವುದಿಲ್ಲ. ಅದೇ ಪುಟದ ಫೋಟೊ ತೆಗೆದಿರೋ, ಒಳಗೆ ಬಂದಿರಿ. ಯುರೋಪಿನಲ್ಲಿ ಕ್ರಮವಾಗಿ ಜೋಡಿಸಿಟ್ಟ ಕಾಗದದ ಕಡತಕ್ಕೂ ಕಾನೂನು ಉಂಟು.

ದಂಡದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಲ್ಲಿ ಗರಿಷ್ಠ 2 ಕೋಟಿ ಯೂರೋ ಅಥವಾ ಸಂಸ್ಥೆಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಯಾವುದು ಹೆಚ್ಚೋ ಅದು. ಜೊತೆಗೆ ನಷ್ಟ ಅನುಭವಿಸಿದವರು ಪರಿಹಾರವನ್ನೂ ಕೇಳಬಹುದು. ಇಲ್ಲಿ ಗರಿಷ್ಠ 250 ಕೋಟಿ ರೂಪಾಯಿ, ಅಷ್ಟೂ ಸರ್ಕಾರದ ಬೊಕ್ಕಸಕ್ಕೆ. ಮಾಹಿತಿ ಕಳೆದುಕೊಂಡವನಿಗೆ ಈ ಕಾಯ್ದೆಯಡಿ ಬಿಡಿಗಾಸೂ ಇಲ್ಲ. ಸಾಲದ್ದಕ್ಕೆ, ಅವನು ಸುಳ್ಳು ದೂರು ಕೊಟ್ಟರೆ ಅವನಿಗೇ 10,000 ರೂಪಾಯಿವರೆಗೆ ದಂಡ! ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಿಂದ ಹುಟ್ಟಿದ ಕಾಯ್ದೆಯಲ್ಲಿ ಪರಿಹಾರದ ಮಾತೇ ಇಲ್ಲದ್ದು ನನಗಂತೂ ಕೊರತೆಯಾಗಿಯೇ ಕಾಣುತ್ತದೆ.

ಅಮೆರಿಕದ ಅತಿಥಿ ಇದೇ ಮಾತು ಹೇಳಿದರೆ, ಯಾವ ರಾಜ್ಯದವರೆಂದು ಕೇಳಬೇಕಾಗುತ್ತದೆ. ಅಲ್ಲಿ ಇಡೀ ದೇಶಕ್ಕೆ ಒಂದೇ ಸಮಗ್ರ ಕಾನೂನಿಲ್ಲ. ಕ್ಯಾಲಿಫೋರ್ನಿಯಾದ್ದು ಪ್ರಸಿದ್ಧ, ಆದರೆ ಅದರ ಕಣ್ಣಿರುವುದು ದೊಡ್ಡ ವ್ಯಾಪಾರಿಗಳ ಮೇಲೆ, ಆರು ಕೋಣೆಯ ಹೋಂಸ್ಟೇ ಮೇಲಲ್ಲ.

ಈಗ ನಿಮ್ಮ ಇಮೇಲ್ ವಿಷಯ. ವಿದೇಶಿಯರು ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಿದ ಅವರ ವಿವರವನ್ನು (ಹಿಂದೆ ‘ಸಿ ಫಾರಂ’ ಎನ್ನುತ್ತಿದ್ದದ್ದು) ಹಿಂಪಡೆಯುವುದು ನಿಮ್ಮ ಕೈಯಲ್ಲಿಲ್ಲ, ಹಾಗೆಂದೇ ಬರೆಯಿರಿ. ರಿಜಿಸ್ಟರನ್ನೂ ಹರಿಯಬೇಡಿ, ಪೊಲೀಸರು ಕೇಳಿದರೆ ತೋರಿಸಬೇಕಾಗುತ್ತದೆ. ಆದರೆ ಚೆಕ್-ಇನ್ ಮಾಡುವ ಹುಡುಗ ಪಾಸ್‌ಪೋರ್ಟಿನ ಫೋಟೊ ಹೊಡೆದು ನಿಮಗೆ ವಾಟ್ಸ್‌ಆ್ಯಪ್ ಮಾಡಿದ್ದರೆ, ಅದನ್ನು ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ. ನಿಮ್ಮ ಮೊಬೈಲಿನಿಂದ ಅಳಿಸಿ, ಅವನದರಿಂದಲೂ ಅಳಿಸಿ. ಗ್ಯಾಲರಿಯ ಬ್ಯಾಕಪ್ ನೋಡುವುದನ್ನು ಮರೆಯಬೇಡಿ.