ಹೆಣ್ಣು ಫಿಂಚ್‌ಗೆ ಬಣ್ಣ ಬಚ್ಚಿಡಲು ಬರುವುದಿಲ್ಲ: ಜೀಬ್ರಾ ಫಿಂಚ್ ನೋಟ್ಸ್

ಹೋದ ವರ್ಷ ಒಂದು ಬೂದು ಹೆಣ್ಣು ಜೀಬ್ರಾ ಫಿಂಚ್ ಹಕ್ಕಿಗೆ ಮಾಮೂಲಿ ರೇಟಿನ ಎರಡರಷ್ಟು ದುಡ್ಡು ಕೊಟ್ಟು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ತಂದೆ. "ಇದು ಸ್ಪ್ಲಿಟ್ ಫಾನ್. ಹೊರಗೆ ಬೂದು, ಒಳಗೆ ಫಾನ್. ಮರಿ ಮಾಡಿಸಿ ನೋಡಿ" ಎಂದಿದ್ದ ಮಾರಿದವನು. ಫಾನ್ ಅಂದರೆ ತಿಳಿ ಕಂದು ಬಣ್ಣ. ಮನೆಯಲ್ಲಿದ್ದ ಬೂದು ಗಂಡಿನ ಜೊತೆ ಬಿಟ್ಟೆ. ಮೂರು ಸಲ ಮರಿ ಮಾಡಿದವು. ಒಟ್ಟು 11 ಮರಿ, 11 ಕೂಡ ಬೂದು. ಇನ್ನೊಂದು ಸಲ ನೋಡೋಣ ಅಂತ ನಾನಿದ್ದೆ. ಆಗ ಮೂಲ್ಕಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗ ಪಂಜರದ ಮುಂದೆ ನಿಂತು, "ಮಾವ, ಹಕ್ಕಿಗಳಲ್ಲಿ ಹೆಣ್ಣಿಗೆ ಝೆಡ್ ಕ್ರೋಮೋಸೋಮ್ ಒಂದೇ ಅಲ್ವಾ? ಮತ್ತೆ ಅದು ಎಲ್ಲಿ ಬಚ್ಚಿಟ್ಟುಕೊಳ್ಳುತ್ತೆ?" ಎಂದ.

ಅವನು ಹನ್ನೆರಡನೇ ಕ್ಲಾಸು. ನಾನು ಹತ್ತು ವರ್ಷದಿಂದ ಹಕ್ಕಿ ಸಾಕುವವನು. ನಾಚಿಕೆಯಾಯಿತು. ಆಮೇಲೆ ಕೂತು ಓದಿದ್ದನ್ನು, ನನ್ನ ಹಾಗೇ ಈಗಷ್ಟೇ ಕಲಿಯುತ್ತಿರುವವರಿಗೆ ಬರೆದಿಟ್ಟಿದ್ದೇನೆ.

ಅಪ್ಪ-ಅಮ್ಮನ ಗುಣಗಳನ್ನು ಮರಿಗೆ ಒಯ್ಯುವ ಎಳೆಗಳೇ ಕ್ರೋಮೋಸೋಮ್. ಗಂಡೋ ಹೆಣ್ಣೋ ಅನ್ನುವುದೂ ಅವುಗಳಿಂದಲೇ. ಮನುಷ್ಯರಲ್ಲಿ ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಎಕ್ಸ್ ಒಂದು, ವೈ ಒಂದು. ಹಕ್ಕಿಗಳಲ್ಲಿ ಇದು ಉಲ್ಟಾ. ಗಂಡಿಗೆ ಝೆಡ್ ಎರಡು. ಹೆಣ್ಣಿಗೆ ಝೆಡ್ ಒಂದು, ಡಬ್ಲ್ಯೂ ಒಂದು. ಝೆಡ್ ಅನ್ನು ಒಂದು ಚೀಟಿ ಅಂದುಕೊಳ್ಳಿ. ಅದರ ಮೇಲೆ "ಬೂದು" ಅಥವಾ "ಫಾನ್" ಎಂದು ಬರೆದಿದೆ. ಗಂಡಿನ ಕಿಸೆಯಲ್ಲಿ ಎರಡು ಚೀಟಿ. ಒಂದರಲ್ಲಿ ಬೂದು, ಒಂದರಲ್ಲಿ ಫಾನ್ ಇದ್ದರೆ ಬೂದುವಿನ ಮಾತೇ ನಡೆಯುತ್ತದೆ. ಫಾನ್ ಸುಮ್ನೆ ಒಳಗೆ ಕೂತಿರುತ್ತದೆ. ಅಂಥ ಗಂಡನ್ನೇ ಸ್ಪ್ಲಿಟ್ ಅನ್ನುವುದು. ಹೆಣ್ಣಿನ ಕಿಸೆಯಲ್ಲಿ ಝೆಡ್ ಚೀಟಿ ಒಂದೇ. ಡಬ್ಲ್ಯೂ ಚೀಟಿಯಲ್ಲಿ ಈ ಬಣ್ಣದ ಸುದ್ದಿಯೇ ಇಲ್ಲ. ಹಾಗಾಗಿ ಇರುವ ಒಂದರಲ್ಲಿ ಏನು ಬರೆದಿದೆಯೋ ಅದೇ ಮೈಮೇಲೆ. ಫಾನ್ ಇದ್ದರೆ ಫಾನ್, ಬೂದು ಇದ್ದರೆ ಬೂದು. ಸ್ಪ್ಲಿಟ್ ಫಾನ್ ಹೆಣ್ಣು ಅನ್ನುವ ಹಕ್ಕಿಯೇ ಇಲ್ಲ. ನನಗೆ ಮಾರಿದವನು ಬೇಕಂತಲೇ ಸುಳ್ಳು ಹೇಳಿದನೋ, ಅವನಿಗೂ ಯಾರೋ ಹಾಗೆ ಹೇಳಿ ಮಾರಿದ್ದರೋ, ದೇವರಿಗೇ ಗೊತ್ತು.

ಇದು ಹೊಸ ವಿಷಯವೇನಲ್ಲ. ದಾಲ್ಚಿನ್ನಿ ಬಣ್ಣದ ಕ್ಯಾನರಿಗಳಲ್ಲಿ ಇದೇ ಲೆಕ್ಕ ನಡೆಯುತ್ತದೆ ಎಂದು 1908ರಲ್ಲೇ ಇಂಗ್ಲೆಂಡಿನಲ್ಲಿ ಬರೆದಿಟ್ಟಿದ್ದಾರೆ.

ಈಗ ಜೋಡಿ ಲೆಕ್ಕಕ್ಕೆ ಬರೋಣ. ಗಂಡು ಮರಿಗೆ ಅಪ್ಪನಿಂದ ಒಂದು ಝೆಡ್, ಅಮ್ಮನಿಂದ ಒಂದು. ಹೆಣ್ಣು ಮರಿಗೆ ಅಮ್ಮನಿಂದ ಡಬ್ಲ್ಯೂ, ಅಪ್ಪನಿಂದ ಝೆಡ್. ಅಂದರೆ ಹೆಣ್ಣು ಮರಿಯ ಫಾನ್ ಬಣ್ಣ ಪೂರಾ ಅಪ್ಪನ ಕೈಯಲ್ಲಿ. ಇದೊಂದು ತಲೆಯಲ್ಲಿ ಕೂತರೆ ಕಾಗದದ ಮೇಲೆ ಚೌಕ ಹಾಕಿ ಲೆಕ್ಕ ಬರೆಯದೆಯೂ ಉತ್ತರ ಸಿಗುತ್ತದೆ. ಫಾನ್ ಗಂಡು, ಬೂದು ಹೆಣ್ಣು ಹಾಕಿದರೆ ಹೆಣ್ಣು ಮರಿಗಳೆಲ್ಲ ಫಾನ್, ಗಂಡು ಮರಿಗಳೆಲ್ಲ ಬೂದು, ಆದರೆ ಸ್ಪ್ಲಿಟ್. ಅದನ್ನೇ ತಿರುಗಿಸಿ ಸ್ಪ್ಲಿಟ್ ಅಲ್ಲದ ಬೂದು ಗಂಡು, ಫಾನ್ ಹೆಣ್ಣು ಹಾಕಿ: ಒಂದು ಮರಿಯೂ ಫಾನ್ ಆಗುವುದಿಲ್ಲ. ಗಂಡು ಮರಿಗಳು ಸ್ಪ್ಲಿಟ್, ಹೆಣ್ಣು ಮರಿಗಳು ಬರೀ ಬೂದು, ಒಳಗೂ ಬೂದು. ಸ್ಪ್ಲಿಟ್ ಗಂಡು, ಬೂದು ಹೆಣ್ಣು ಆದರೆ ಹೆಣ್ಣು ಮರಿಗಳಲ್ಲಿ ಸುಮಾರು ಅರ್ಧ ಫಾನ್. ಗಂಡು ಮರಿಗಳಲ್ಲೂ ಅರ್ಧ ಸ್ಪ್ಲಿಟ್, ಆದರೆ ಯಾವುದು ಅಂತ ನೋಡಿ ಹೇಳಲಾಗದು. ಫಾನ್ ಗಂಡು ಬೇಕೇ ಬೇಕು ಅಂದರೆ ಅಪ್ಪ ಸ್ಪ್ಲಿಟ್ ಅಥವಾ ಫಾನ್, ಅಮ್ಮ ಫಾನ್ ಇರಲೇಬೇಕು.

ಮೊದಲು ಹೇಳಿದ ಫಾನ್ ಗಂಡು, ಬೂದು ಹೆಣ್ಣಿನ ಜೋಡಿಯಲ್ಲಿ ಇನ್ನೊಂದು ಮಜಾ ಇದೆ. ಮರಿ ಗಂಡೋ ಹೆಣ್ಣೋ ಎಂದು ಗೂಡಿನಲ್ಲೇ ಗೊತ್ತಾಗುತ್ತದೆ. ಮಾಮೂಲಿಯಾಗಿ ಗಂಡಿಗೆ ಕೆನ್ನೆಯ ಕಿತ್ತಳೆ ಮಚ್ಚೆ, ಎದೆಯ ಪಟ್ಟೆ ಬರುವ ತನಕ ಕಾಯಬೇಕು. ಪೂರ್ತಿ ಬಣ್ಣ ಬರಲು ಮೂರು ತಿಂಗಳಾಗುತ್ತದೆ. ಇಲ್ಲಿ ಹುಟ್ಟಿದ ದಿನವೇ ಸುಳಿವು ಸಿಗುತ್ತದೆ. ಬೂದು ಮರಿಯ ಚರ್ಮ ಕಪ್ಪಗೆ. ಫಾನ್ ಮರಿಯದು ಗುಲಾಬಿ, ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣು ದಾಳಿಂಬೆ ಬೀಜದ ಹಾಗೆ ಕೆಂಪಗೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಆ ಕಣ್ಣು ಕಪ್ಪಾಗಿಬಿಡುತ್ತದೆ. ಆದ್ದರಿಂದ ಅಷ್ಟರೊಳಗೆ ಒಮ್ಮೆ ಚಿಕ್ಕ ಟಾರ್ಚ್ ಹಿಡಿದು ನೋಡಿ, ಬರೆದುಕೊಳ್ಳಿ. ಹಗಲಲ್ಲಿ, ತಾಯಿ ಕಾಳು ತಿನ್ನಲು ಇಳಿದಾಗ ನೋಡಿ. ರಾತ್ರಿ ಎಬ್ಬಿಸಿದರೆ ಅದು ಕತ್ತಲಲ್ಲಿ ಗೂಡಿಗೆ ವಾಪಸ್ ಬರಲ್ಲ, ಮರಿ ತಣ್ಣಗಾಗುತ್ತವೆ.

ಎಲ್ಲ ಬಣ್ಣವೂ ಝೆಡ್ ಮೇಲಿಲ್ಲ. ಬಿಳಿ, ಪೈಡ್ (ಅಲ್ಲಲ್ಲಿ ಬಿಳಿ ಮಚ್ಚೆ), ಪೆಂಗ್ವಿನ್ (ಎದೆ, ಹೊಟ್ಟೆ ಪೂರಾ ಬಿಳಿ) ಇವೆಲ್ಲ ಬೇರೆ ಕ್ರೋಮೋಸೋಮಿನಲ್ಲಿವೆ. ಅಲ್ಲಿ ಹೆಣ್ಣಿಗೂ ಎರಡು ಚೀಟಿ. ಆದ್ದರಿಂದ "ಸ್ಪ್ಲಿಟ್ ಬಿಳಿ ಹೆಣ್ಣು" ಅಂದರೆ ಸುಳ್ಳಲ್ಲ, ಇರಬಹುದು. ಸ್ಪ್ಲಿಟ್‌ಗೆ ಸ್ಪ್ಲಿಟ್ ಹಾಕಿದರೆ ನಾಲ್ಕರಲ್ಲಿ ಒಂದು ಬಿಳಿ. ಇಲ್ಲೇ ನಮ್ಮಂಥವರು ಎಡವುವುದು. ನಾಲ್ಕು ಮರಿ ಆಯಿತು, ಬಿಳಿ ಬರಲಿಲ್ಲ, ಹಕ್ಕಿ ಸ್ಪ್ಲಿಟ್ ಅಲ್ಲ ಅಂತ ತೀರ್ಮಾನ! ಲೆಕ್ಕ ಹಾಕಿ: ಒಂದು ಮರಿ ಬಿಳಿ ಆಗದಿರುವ ಸಾಧ್ಯತೆ ಮುಕ್ಕಾಲು. ನಾಲ್ಕೂ ಹಾಗೇ ಆಗುವುದು 256ರಲ್ಲಿ 81 ಸಲ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಇದು ಆಗಿಯೇ ಆಗುತ್ತದೆ. ನಿಜ ತಿಳಿಯಬೇಕಾದರೆ ಅನುಮಾನದ ಹಕ್ಕಿಯನ್ನು ಬಿಳಿ ಹಕ್ಕಿಗೇ ಜೋಡಿ ಮಾಡಿ. ಅದು ಸ್ಪ್ಲಿಟ್ ಆಗಿದ್ದರೆ ಮರಿಗಳಲ್ಲಿ ಅರ್ಧ ಬಿಳಿ ಬರಬೇಕು. ಏಳು ಮರಿಯಾದರೂ ಒಂದೂ ಬಿಳಿ ಇಲ್ಲ ಅಂದರೆ, ಸ್ಪ್ಲಿಟ್ ಆಗಿದ್ದೂ ಹಾಗಾಗುವುದು 128ಕ್ಕೆ ಒಂದು ಸಲ. ಅಲ್ಲಿಗೆ ಬಿಡಬಹುದು.

ಜುಟ್ಟಿನ ಫಿಂಚ್ ಬೇರೆಯದೇ ಕಥೆ. ಒಂದು ಚೀಟಿ ಇದ್ದರೆ ಸಾಕು, ಜುಟ್ಟು ಬರುತ್ತದೆ. ಎರಡಿದ್ದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಜುಟ್ಟಿಗೆ ಜುಟ್ಟು ಹಾಕಿದರೆ ನಾಲ್ಕರಲ್ಲಿ ಒಂದು ಹೋಯಿತೆಂದೇ ಲೆಕ್ಕ. ಜುಟ್ಟಿಲ್ಲದ್ದಕ್ಕೆ ಹಾಕಿ. ಅರ್ಧ ಮರಿಗೆ ಜುಟ್ಟು, ಯಾವುದೂ ಸಾಯುವುದಿಲ್ಲ.

ಅಕ್ಕನ ಮಗ ಊರಿಗೆ ಹೋದ ಮೇಲೆ ನನಗೆ ಜಾಸ್ತಿ ತಲೆ ತಿಂದದ್ದು ಎರಡು ಬಣ್ಣ ಕೂಡಿಸುವುದು. ಫಾನ್ ಝೆಡ್ ಮೇಲಿದೆ. ಚೆಸ್ಟ್‌ನಟ್ ಫ್ಲ್ಯಾಂಕ್ಡ್ ವೈಟ್ (ಮೈ ಬಿಳಿ, ಪಕ್ಕೆ ಕಂದು) ಕೂಡ ಝೆಡ್ ಮೇಲೇ ಇದೆ, ಆದರೆ ಬೇರೆ ಜಾಗದಲ್ಲಿ. ಒಂದು ಝೆಡ್‌ನಲ್ಲಿ ಫಾನ್, ಇನ್ನೊಂದರಲ್ಲಿ ಚೆಸ್ಟ್‌ನಟ್ ಇರುವ ಗಂಡು ನೋಡಲು ಅಪ್ಪಟ ಬೂದು. ಅದರ ಹೆಣ್ಣು ಮರಿಗಳಲ್ಲಿ ಕೆಲವು ಫಾನ್, ಕೆಲವು ಚೆಸ್ಟ್‌ನಟ್. ಎರಡೂ ಕೂಡಿದ ಮರಿ ಬರಬೇಕಾದರೆ ಗಂಡಿನೊಳಗೆ ಆ ಎರಡು ಝೆಡ್‌ಗಳು ತುಂಡು ಅದಲುಬದಲು ಮಾಡಿಕೊಂಡು ಎರಡೂ ಒಂದೇ ಚೀಟಿಗೆ ಬರಬೇಕು. ಹೆಣ್ಣಿನಲ್ಲಿ ಇದು ಆಗದು, ಬದಲಿಸಿಕೊಳ್ಳಲು ಇನ್ನೊಂದು ಝೆಡ್ ಎಲ್ಲಿದೆ? ಹಾಗೆ ಕೂಡಿಬಂದ ಒಂದು ಹೆಣ್ಣು ಮರಿ ಸಿಕ್ಕಿದರೆ ಅದನ್ನು ಜೋಪಾನ ಮಾಡಿ. ಆ ಜೋಡಿ ಬಣ್ಣ ಒಂದೇ ಕಟ್ಟಾಗಿ ಅದರ ಗಂಡು ಮರಿಗಳಿಗೆ ಹೋಗುತ್ತದೆ.

ಗೋಲ್ಡಿಯನ್ ಫಿಂಚ್ ಸಾಕುವವರಿಗೂ ಒಂದು ಮಾತು. ಅಲ್ಲಿ ಕೆಂಪು ತಲೆ, ಕಪ್ಪು ತಲೆ ಝೆಡ್ ಮೇಲಿವೆ, ಕೆಂಪಿನದೇ ಮೇಲುಗೈ. ಕೆಂಪು ತಲೆಯ ಗಂಡು ಕಪ್ಪಿಗೆ ಸ್ಪ್ಲಿಟ್ ಇರಬಹುದು, ಹೆಣ್ಣು ಇರಲಾರದು. ಅದೇ ಕಥೆ.

ಲೆಕ್ಕ ಎಷ್ಟು ಸರಿ ಇದ್ದರೂ ಪಂಜರದಲ್ಲಿ ಗೊಂದಲ ಇದ್ದರೆ ವೇಸ್ಟ್. ಹತ್ತು ಹಕ್ಕಿ ಒಟ್ಟಿಗೆ ಬಿಟ್ಟರೆ ಮರಿಯ ಅಪ್ಪ ಯಾರು ಅಂತ ಹೇಳಲಾಗದು. ಜೀಬ್ರಾ ಫಿಂಚ್ ಜೋಡಿ ಕಟ್ಟಿಕೊಂಡರೂ ಪಕ್ಕದ ಮನೆಗೆ ಹೋಗಿಬರುವ ಜಾತಿ. ಒಂದು ಪಂಜರಕ್ಕೆ ಒಂದೇ ಜೋಡಿ, ಮರಿಯ ಕಾಲಿಗೆ ನಂಬರಿನ ರಿಂಗ್, ಒಂದು ನೋಟ್‌ಬುಕ್. ಹೆಣ್ಣಿನ ಜೋಡಿ ಬದಲಿಸಿದಾಗ ಎರಡು-ಮೂರು ವಾರ ಒಂಟಿಯಾಗಿ ಇಡಿ. ಹಳೆಯ ಗಂಡಿನ ಬೀಜ ಅದರ ಹೊಟ್ಟೆಯಲ್ಲಿ ಸ್ವಲ್ಪ ದಿನ ಉಳಿದಿರುತ್ತದೆ.

ಅಣ್ಣ-ತಂಗಿ ಜೋಡಿ ಬೇಡ. ಜೀಬ್ರಾ ಫಿಂಚ್‌ನ ತವರಾದ ಆಸ್ಟ್ರೇಲಿಯಾ 1960ರಿಂದ ತನ್ನ ಹಕ್ಕಿಗಳ ರಫ್ತು ನಿಲ್ಲಿಸಿದೆ. ನಮ್ಮಲ್ಲಿರುವುದೆಲ್ಲ ಪಂಜರದಲ್ಲೇ ಹುಟ್ಟಿದವುಗಳ ಸಂತಾನ. ಅದರಲ್ಲೂ ಅಪರೂಪದ ಬಣ್ಣ ಅಂದರೆ ಕೆಲವೇ ಹಕ್ಕಿಗಳಿಂದ ಬಂದದ್ದು. ಆಗಾಗ ಬೇರೆ ಕಡೆಯ ಗಟ್ಟಿಮುಟ್ಟಾದ ಬೂದು ಹಕ್ಕಿ ಸೇರಿಸದಿದ್ದರೆ ಮರಿ ಸಣ್ಣಗಾಗುತ್ತಾ ಹೋಗುತ್ತವೆ. ಆರು ತಿಂಗಳು ತುಂಬದ ಹೆಣ್ಣಿಗೆ ಗೂಡು ಕೊಡಬೇಡಿ, ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಸಾಯಬಹುದು. ಮುಂಬಯಿ ಮಳೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ನಾನು ಗೂಡು ತೆಗೆದೇ ಇಡುತ್ತೇನೆ. ಕಾಂಗ್ಣಿ ಡಬ್ಬದಲ್ಲೇ ಬೂಸ್ಟು ಹಿಡಿಯುವ ತಿಂಗಳುಗಳು ಅವು. ನಮ್ಮ ನವಣೆಯನ್ನೇ ಇಲ್ಲಿ ಕಾಂಗ್ಣಿ ಅನ್ನುವುದು.

ಇನ್ನೊಂದು. ಹಸಿರು, ಗುಲಾಬಿ "ಅಪರೂಪದ ಫಿಂಚ್" ಅಂತ ಅಗ್ಗಕ್ಕೆ ತೋರಿಸಿದರೆ ಹತ್ತಿ ಒದ್ದೆ ಮಾಡಿ ರೆಕ್ಕೆ ಒರೆಸಿ. ನಮ್ಮ ಕಾಡಿನ ಮುನಿಯ ಹಕ್ಕಿಗಳಿಗೆ ಬಣ್ಣ ಬಳಿದು ಮಾರುವುದುಂಟು. ಅವನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಆ ಬೂದು ಹೆಣ್ಣು ಈಗಲೂ ನಮ್ಮಲ್ಲೇ ಇದೆ. ಮೂರು ವಾರ ಒಂಟಿ ಇಟ್ಟು, ಈ ಸಲ ಫಾನ್ ಗಂಡು ತಂದು ಜೊತೆಗೆ ಬಿಟ್ಟಿದ್ದೇನೆ. ಹಾಲು ಜಾಸ್ತಿಯಾದ ಕಾಫಿ ಬಣ್ಣ ಅದರದ್ದು. ನಾಲ್ಕು ಮೊಟ್ಟೆ ಇವೆ, ಇವತ್ತಿಗೆ ಹನ್ನೊಂದನೇ ದಿನ. ಟಾರ್ಚ್‌ಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.