ಮೂಲೆ ಸೇರಿದ್ದ ನರಜಾಲ ಮರಳಿ ಬಂದದ್ದು

1958ರ ಜುಲೈನಲ್ಲಿ ಅಮೆರಿಕದ ಮನೋವಿಜ್ಞಾನಿ ಫ್ರಾಂಕ್ ರೋಸೆನ್‌ಬ್ಲಾಟ್ ಪತ್ರಕರ್ತರಿಗೆ ಒಂದು ಪ್ರಯೋಗ ತೋರಿಸಿದರು. ಕಾರ್ಡಿನ ಎಡಬದಿಯಲ್ಲಿ ಗುರುತಿದೆಯೋ ಬಲಬದಿಯಲ್ಲೋ ಎಂಬುದನ್ನು ಐಬಿಎಂ 704 ಕಂಪ್ಯೂಟರ್ ಸುಮಾರು 50 ಸಲದ ಅಭ್ಯಾಸದಲ್ಲಿ ಕಲಿಯಿತು. ಅದಕ್ಕೆ ಯಾರೂ ನಿಯಮ ಬರೆದುಕೊಟ್ಟಿರಲಿಲ್ಲ. ತಪ್ಪಿದಾಗಲೆಲ್ಲ ತನ್ನೊಳಗಿನ ಅಂಕಿಗಳನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಮಿದುಳಿನ ನರಕೋಶಗಳನ್ನು ಅನುಕರಿಸುವ ಈ ಏರ್ಪಾಡಿನ, ಅಂದರೆ ನರಜಾಲದ, ಹೆಸರು ಪರ್ಸೆಪ್ಟ್ರಾನ್. ಮುಂದೆ ಇದು ನಡೆದೀತು, ಮಾತಾಡೀತು, ತನ್ನ ಇರವನ್ನೂ ಅರಿತೀತು ಎಂದು ಹಣ ಕೊಟ್ಟ ನೌಕಾಪಡೆ ನಿರೀಕ್ಷಿಸಿದೆಯೆಂದು ಪತ್ರಿಕೆಯಲ್ಲಿ ವರದಿಯಾಯಿತು. ಎಡಬಲ ಕಲಿತ ಯಂತ್ರದ ತಲೆಯ ಮೇಲೆ ಎಷ್ಟೊಂದು ಭಾರ!

ಆ ಹೊತ್ತಿಗಾಗಲೇ ಇನ್ನೊಂದು ಪಂಥವೂ ಬೇರೂರಿತ್ತು. 1956ರ ಬೇಸಿಗೆಯಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ ಮತ್ತಿತರರು ಸೇರಿದಾಗಲೇ ಕೃತಕ ಬುದ್ಧಿಮತ್ತೆಗೆ ಒಂದು ಶಾಸ್ತ್ರದ ಸ್ಥಾನ ದೊರೆತದ್ದು. ಬುದ್ಧಿಯೆಂದರೆ ಸಂಕೇತ ಮತ್ತು ತರ್ಕ, ಅದನ್ನು ನಿಯಮಗಳಾಗಿ ಬರೆಯಬಹುದು ಎಂಬುದು ಅಲ್ಲಿದ್ದ ಹಲವರ ನಂಬಿಕೆ. ಅದೇ ಸಭೆಯ ಸಂಘಟಕರಲ್ಲೊಬ್ಬರಾದ ಮಾರ್ವಿನ್ ಮಿನ್ಸ್ಕಿ, ಸೆಮೂರ್ ಪ್ಯಾಪರ್ಟ್ ಜತೆಗೂಡಿ 1969ರಲ್ಲಿ ಪರ್ಸೆಪ್ಟ್ರಾನಿನ ಮಿತಿಗಳನ್ನು ಗಣಿತದಿಂದಲೇ ರುಜುವಾತುಪಡಿಸಿದರು. ಎರಡು ಹೇಳಿಕೆಗಳಲ್ಲಿ ಒಂದು ಮಾತ್ರ ನಿಜವೇ ಎಂಬ ಸರಳ ತರ್ಕವೂ ಒಂದೇ ಪದರದ, ಅಂದರೆ ಒಂದೇ ಸಾಲು ಕೃತಕ ನರಕೋಶಗಳ, ಜಾಲಕ್ಕೆ ಎಟುಕದು. ರುಜುವಾತಿನಲ್ಲಿ ದೋಷವಿರಲಿಲ್ಲ. ಆದರೆ ಪದರ ಹೆಚ್ಚಿಸಿದರೂ ಫಲವಿರಲಾರದು ಎಂಬ ಅವರ ಊಹೆಯನ್ನೂ ಜನ ರುಜುವಾತಿನಂತೆಯೇ ಓದಿಕೊಂಡರು; ನರಜಾಲ ಮೂಲೆ ಸೇರಿತು. ಎರಡು ವರ್ಷಗಳ ಬಳಿಕ ರೋಸೆನ್‌ಬ್ಲಾಟ್ ದೋಣಿ ಅವಘಡದಲ್ಲಿ ತೀರಿಕೊಂಡರು.

ಗೆದ್ದ ತರ್ಕದ ಪಂಥವೂ ನೆಮ್ಮದಿಯಾಗಿರಲಿಲ್ಲ. ಬ್ರಿಟನ್ನಿನಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧನೆಯನ್ನು ಟೀಕಿಸಿದ 1973ರ ಲೈಟ್‌ಹಿಲ್ ವರದಿಯ ನಂತರ ಅನುದಾನ ಕುಸಿಯಿತು. ಎಂಬತ್ತರ ದಶಕದಲ್ಲಿ ಕಂಪನಿಗಳು ಮುಗಿಬಿದ್ದು ಕೊಂಡ, ತಜ್ಞರ ತಿಳಿವನ್ನು ನಿಯಮಗಳಾಗಿ ಬರೆದಿಟ್ಟ ‘ತಜ್ಞ ವ್ಯವಸ್ಥೆ’ಗಳು ಸಾವಿರಾರು ನಿಯಮಗಳ ನಿರ್ವಹಣೆಯಲ್ಲೇ ಸೋತವು.

ಬಹುಪದರದ ಜಾಲಕ್ಕೆ ಕಲಿಸುವ ದಾರಿಯನ್ನು 1986ರಲ್ಲಿ ಸಂಶೋಧಕರಾದ ಡೇವಿಡ್ ರುಮೆಲ್‌ಹಾರ್ಟ್, ಜೆಫ್ರಿ ಹಿಂಟನ್, ರೊನಾಲ್ಡ್ ವಿಲಿಯಮ್ಸ್ ಜನಪ್ರಿಯಗೊಳಿಸಿದರು: ಕೊನೆಯಲ್ಲಿ ಕಂಡ ತಪ್ಪಿನ ಪಾಲನ್ನು ಹಿಂದಿನ ಒಂದೊಂದು ಪದರಕ್ಕೂ ಹಂಚಿ ತಿದ್ದುವುದು. ಉಪಾಯ ಸಿಕ್ಕರೂ ಉಣಿಸಲು ಸಾಕಷ್ಟು ದತ್ತಾಂಶವಿರಲಿಲ್ಲ, ಲೆಕ್ಕ ಹಾಕಲು ವೇಗವೂ ಇರಲಿಲ್ಲ. ಅವೆರಡನ್ನೂ ಒದಗಿಸಿದ್ದು ಬೇರೆಯೇ ಉದ್ದೇಶದ ಎರಡು ವಸ್ತುಗಳು: ಅಂತರ್ಜಾಲದಲ್ಲಿ ಜನ ಸುರಿದ ಚಿತ್ರಗಳು ಮತ್ತು ವಿಡಿಯೊ ಗೇಮ್‌ಗಾಗಿ ಮಾಡಿದ ಗ್ರಾಫಿಕ್ಸ್ ಚಿಪ್‌ಗಳು. ಚಿತ್ರದಲ್ಲಿರುವುದೇನೆಂದು ಕಂಪ್ಯೂಟರ್ ಗುರುತಿಸಬೇಕಾದ 2012ರ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳ ಜಾಲ, ಅಂಥ ಎರಡು ಚಿಪ್‌ಗಳ ಮೇಲೆ ಕಲಿತು, ಶೇ 15.3ರಷ್ಟು ಮಾತ್ರ ತಪ್ಪಿತು. ಎರಡನೆಯ ಸ್ಥಾನದವರದು ಶೇ 26.2.

ಆಮೇಲಿನದು ಎಲ್ಲರಿಗೂ ಗೊತ್ತು. 2017ರಲ್ಲಿ ಟ್ರಾನ್ಸ್‌ಫಾರ್ಮರ್ ಎಂಬ ಹೊಸ ನರಜಾಲ ವಿನ್ಯಾಸ, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ. 2024ರಲ್ಲಿ ಹಿಂಟನ್ ಮತ್ತು ನರಜಾಲದ ಇನ್ನೊಬ್ಬ ಸಂಶೋಧಕ ಜಾನ್ ಹಾಪ್‌ಫೀಲ್ಡ್ ಅವರಿಗೆ ನೊಬೆಲ್ ಬಂತು, ಅದೂ ಭೌತವಿಜ್ಞಾನದಲ್ಲಿ.