ಲಿಫ್ಟ್ ಬಾಗಿಲ ಹಿಂದಿನ 7 ಮಿಲಿಮೀಟರ್

ಲಿಫ್ಟ್ ಸ್ವಲ್ಪ ಜರ್ಕ್ ಹೊಡೆದರೆ ಸಾಕು, ಒಳಗಿದ್ದವರೆಲ್ಲ ಮೇಲೆ ನೋಡುತ್ತಾರೆ. ಹಗ್ಗ ಗಟ್ಟಿ ಇದೆಯೋ ಇಲ್ಲವೋ ಎಂಬ ದಿಗಿಲು. ಅದು ಸಹಜವೇ. ಎಷ್ಟೋ ಎತ್ತರದಲ್ಲಿ ಒಂದು ಪೆಟ್ಟಿಗೆಯೊಳಗೆ ನಿಂತಿರುತ್ತೇವೆ, ಅದನ್ನು ಎತ್ತಿ ಹಿಡಿದಿರುವುದು ಕಣ್ಣಿಗೆ ಕಾಣುವುದೂ ಇಲ್ಲ. ಬಾಗಿಲ ಬಗ್ಗೆ ಮಾತ್ರ ಯಾರೂ ಅಷ್ಟು ಯೋಚಿಸುವುದಿಲ್ಲ. ನನ್ನನ್ನು ಕೇಳಿದರೆ, ಮೊದಲು ಗಮನ ಕೊಡಬೇಕಾದದ್ದು ಬಾಗಿಲಿಗೇ.

ಹಗ್ಗದ ಚಿಂತೆಯನ್ನು ಮೊದಲು ಮುಗಿಸಿಬಿಡೋಣ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ವಸ್ತುಪ್ರದರ್ಶನದಲ್ಲಿ ಎಲಿಶಾ ಓಟಿಸ್ ಒಂದು ಅಟ್ಟಣಿಗೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಎಲ್ಲರ ಎದುರಿಗೇ ಕಡಿಸಿದ. ಅಟ್ಟಣಿಗೆ ಚೂರು ಜಾರಿ ಅಲ್ಲೇ ನಿಂತಿತು. ಹಗ್ಗದ ಬಿಗಿ ತಪ್ಪಿದ ಕೂಡಲೇ ಒಂದು ಸ್ಪ್ರಿಂಗ್ ಅಗಲಿಸಿಕೊಂಡು ಪಕ್ಕದ ಹಲ್ಲುಗಳಿಗೆ ಸಿಕ್ಕಿಕೊಳ್ಳುವ ಏರ್ಪಾಡು ಅದು. 1857ರಲ್ಲಿ ಅದೇ ಊರಿನ ಅಂಗಡಿಯೊಂದಕ್ಕೆ ಅವನ ಕಂಪನಿಯ ಮೊದಲ ಪ್ರಯಾಣಿಕರ ಲಿಫ್ಟ್ ಬಂತು.

ಈಗಿನ ನಿಯಮಗಳು ಇನ್ನೂ ಬಿಗಿ. ಯುರೋಪಿನ ಇಎನ್ 81-20 ಎಂಬ ಮಾನದಂಡವನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಐಎಸ್‌ಒ 8100 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೂ ಅದೇ ತಳಹದಿ. ಅದರ ಪ್ರಕಾರ ಒಂದೇ ಹಗ್ಗದ ಲಿಫ್ಟ್ ಇರುವ ಹಾಗೇ ಇಲ್ಲ. ಮೂರು ಅಥವಾ ಅದಕ್ಕಿಂತ ಜಾಸ್ತಿ ಹಗ್ಗಗಳಿದ್ದರೆ, ತುಂಬಿದ ಲಿಫ್ಟಿನ ಭಾರಕ್ಕಿಂತ ಕನಿಷ್ಠ 12 ಪಟ್ಟು ತಡೆಯುವ ಶಕ್ತಿ ಇರಬೇಕು. ಎರಡೇ ಇದ್ದರೆ 16 ಪಟ್ಟು. ಇಷ್ಟಾದ ಮೇಲೂ ಹಗ್ಗವನ್ನು ಪೂರ್ತಿ ನಂಬುವುದಿಲ್ಲ. ಗವರ್ನರ್ ಎಂಬ ಬೇರೆಯೇ ಒಂದು ಚಕ್ರ, ಅದಕ್ಕೊಂದು ತೆಳು ಹಗ್ಗ, ಲಿಫ್ಟಿನ ಜೊತೆಜೊತೆಗೇ ಸುತ್ತುತ್ತಿರುತ್ತವೆ. ಲಿಫ್ಟ್ ಕೆಳಗಿಳಿಯುವಾಗ ವೇಗ ಮಿತಿ ಮೀರಿದರೆ ಆ ಚಕ್ರ ಗಕ್ಕನೆ ನಿಲ್ಲುತ್ತದೆ. ಆಗ ತೆಳು ಹಗ್ಗ ಕ್ಯಾಬಿನ್ನಿನ ಸನ್ನೆಯನ್ನು ಎಳೆಯುತ್ತದೆ. ಸೇಫ್ಟಿ ಗೇರಿನ ಉಕ್ಕಿನ ದವಡೆಗಳು ಎರಡೂ ಕಡೆಯ ಗೈಡ್ ರೈಲುಗಳನ್ನು, ಅಂದರೆ ಲಿಫ್ಟ್ ಹಿಡಿದು ಸಾಗುವ ಉಕ್ಕಿನ ಕಂಬಿಗಳನ್ನು, ಕಚ್ಚಿ ಹಿಡಿಯುತ್ತವೆ. ಇದಕ್ಕೆ ಕರೆಂಟ್ ಬೇಕಿಲ್ಲ. 1945ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಾಂಬರ್ ವಿಮಾನ ಬಡಿದಾಗ ಒಂದು ಲಿಫ್ಟ್ ಸುಮಾರು 75 ಅಂತಸ್ತು ಕೆಳಕ್ಕೆ ಬಿತ್ತು. ಅಲ್ಲಿ ಮುಖ್ಯ ಹಗ್ಗಗಳ ಜೊತೆ ಗವರ್ನರಿನ ಹಗ್ಗವೂ ಕಡಿದುಹೋಗಿತ್ತು. ಲಿಫ್ಟ್ ನಡೆಸುತ್ತಿದ್ದ ಯುವತಿ ತೀವ್ರ ಗಾಯಗೊಂಡರೂ ಬದುಕಿ ಉಳಿದಳು. ಕಡಿದ ಹಗ್ಗಗಳು ಕೆಳಗೆ ಸಿಂಬೆಯಾಗಿ ಬಿದ್ದು ಮೆತ್ತೆಯ ಹಾಗಾಗಿದ್ದವು ಎನ್ನುತ್ತಾರೆ.

ಇನ್ನು ಬಾಗಿಲು. ಲಿಫ್ಟಿಗೆ ಎರಡು ಥರದ ಬಾಗಿಲು. ಒಂದು ಕ್ಯಾಬಿನ್ನಿನದು, ನಮ್ಮ ಜೊತೆ ಹತ್ತಿ ಇಳಿಯುತ್ತದೆ. ಇನ್ನೊಂದು ಪ್ರತಿ ಅಂತಸ್ತಿನಲ್ಲೂ ಇರುವುದು. ಹತ್ತು ಅಂತಸ್ತಿದ್ದರೆ ಅಂಥ ಹತ್ತು ಬಾಗಿಲು. ಈ ಎರಡನೆಯದರ ಆಚೆಗೆ ಬರೀ ಲಿಫ್ಟ್ ಗುಂಡಿ, ಅಂದರೆ ಲಿಫ್ಟ್ ಹತ್ತಿ ಇಳಿಯುವ ಬಾವಿಯಂಥ ಜಾಗ. ಕ್ಯಾಬಿನ್ ಅಲ್ಲಿಲ್ಲದ ಹೊತ್ತಿನಲ್ಲಿ ಆ ಬಾಗಿಲು ತೆರೆದುಕೊಂಡರೆ, ಮೊಬೈಲ್ ನೋಡುತ್ತಾ ಒಳಗೆ ಕಾಲಿಡುವವರನ್ನು ಯಾವ ಹಗ್ಗವೂ ಉಳಿಸುವುದಿಲ್ಲ.

ಹಾಗಾಗಿ ಆ ಬಾಗಿಲ ಬೀಗದ ಮೇಲೆ ನಿಯಮಕ್ಕೆ ಬಹಳ ಕಣ್ಣು. ಬೀಗ ಅಂದರೆ ಉಕ್ಕಿನ ಒಂದು ಕೊಕ್ಕೆ. ಅದು ಎದುರಿನ ತಡೆಗೆ ಕನಿಷ್ಠ 7 ಮಿಲಿಮೀಟರ್ ಸಿಕ್ಕಿಕೊಂಡಿರಬೇಕು. ಕಿರುಬೆರಳ ಉಗುರಿನ ಅಗಲಕ್ಕಿಂತ ಕೊಂಚ ಕಡಿಮೆ. ಅಷ್ಟು ಸಿಕ್ಕಿಕೊಂಡ ಮೇಲೇ ಅಲ್ಲಿನ ವಿದ್ಯುತ್ ಕಾಂಟ್ಯಾಕ್ಟ್ ಕೂಡಿಕೊಳ್ಳಬೇಕು. ಎಲ್ಲ ಅಂತಸ್ತಿನ ಕಾಂಟ್ಯಾಕ್ಟುಗಳೂ ಮಾಲೆಯ ಹಾಗೆ ಒಂದರ ಹಿಂದೆ ಒಂದು ಇರುತ್ತವೆ. ಒಂದು ತಪ್ಪಿದರೂ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ, ಲಿಫ್ಟ್ ನಿಂತಲ್ಲೇ ನಿಲ್ಲುತ್ತದೆ. ಇಂಥ ಬೀಗದ ಮಾದರಿಯೊಂದನ್ನು ಒಪ್ಪಿಕೊಳ್ಳುವ ಮೊದಲು ಪ್ರಯೋಗಾಲಯದಲ್ಲಿ 10 ಲಕ್ಷ ಸಲ ಹಾಕಿ ತೆಗೆದು ನೋಡುತ್ತಾರೆ.

ಇಲ್ಲೊಂದು ಮನುಷ್ಯ ಸ್ವಭಾವದ ಮಾತಿದೆ. ಬಾಗಿಲ ಕಾಂಟ್ಯಾಕ್ಟ್ ಪದೇ ಪದೇ ಕೈಕೊಟ್ಟರೆ, ರಿಪೇರಿಯವರು ತೊಂದರೆ ಎಲ್ಲಿದೆ ಎಂದು ಹುಡುಕಲು ಒಂದು ತುಂಡು ವೈರ್ ಹಾಕಿ ಅದನ್ನು ದಾಟಿಸುವುದುಂಟು. ಕೆಲಸ ಮುಗಿದ ಮೇಲೆ ಆ ವೈರ್ ತೆಗೆಯಲು ಮರೆತರೆ? ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ‘ವೈರ್ ಹಾಕಬೇಡಿ’ ಎಂದು ಸುಮ್ನೆ ಬರೆದಿಟ್ಟರೆ ಆಗುವ ಕೆಲಸವಲ್ಲ ಇದು. ಹೊಸ ಮಾನದಂಡದಲ್ಲಿ ಆ ಕೆಲಸಕ್ಕೆಂದೇ ಒಂದು ಸ್ವಿಚ್ ಇಡಬೇಕೆಂದು ಹೇಳಿದೆ. ಅದನ್ನು ತಿರುಗಿಸಿದರೆ ಪ್ರಯಾಣಿಕರ ಬಟನ್‌ಗಳು ಕೆಲಸ ಮಾಡುವುದಿಲ್ಲ. ಲಿಫ್ಟ್ ಅಲುಗಾಡಿದಾಗಲೆಲ್ಲ ಅಲಾರಂ ಕೂಗುತ್ತದೆ, ಕ್ಯಾಬಿನ್ನಿನ ಅಡಿಯಲ್ಲಿ ದೀಪ ಮಿನುಗುತ್ತದೆ. ಇಡೀ ಮಾನದಂಡದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಕೆಲಸ ಮಾಡುವವರ ಕಷ್ಟ ಗೊತ್ತಿದ್ದವರೇ ಇದನ್ನು ಬರೆದಿರಬೇಕು.

ಇನ್ನೊಂದು ಅಪಾಯ ಕೇಳಿದರೆ ಆಶ್ಚರ್ಯವಾಗುತ್ತದೆ. ಬ್ರೇಕ್ ಹೋದರೆ ಲಿಫ್ಟ್ ಮೇಲಕ್ಕೂ ಓಡಬಹುದು! ಹಗ್ಗದ ಇನ್ನೊಂದು ತುದಿಯಲ್ಲಿ ಕೌಂಟರ್‌ವೇಟ್ ಎಂಬ ಸರಿತೂಕದ ಭಾರ ತೂಗುತ್ತಿರುತ್ತದೆ. ಅದರ ತೂಕ ಖಾಲಿ ಕ್ಯಾಬಿನ್ನಿನ ತೂಕಕ್ಕೆ ಅದು ಹೊರಬಲ್ಲ ಭಾರದ ಸುಮಾರು ಅರ್ಧ ಕೂಡಿಸಿದಷ್ಟು. 8 ಜನರ ಲಿಫ್ಟ್ ಸಾಮಾನ್ಯವಾಗಿ 630 ಕಿಲೋ ಹೊರುತ್ತದೆ. ಒಬ್ಬರೇ ನಿಂತಿದ್ದಾಗ ಕೌಂಟರ್‌ವೇಟಿನ ಕಡೆಯೇ ಭಾರ. ಬ್ರೇಕ್ ಬಿಟ್ಟರೆ ಅದು ಕೆಳಗೆ, ನಾವು ಮೇಲೆ. ಬಾಗಿಲು ತೆರೆದಿರುವಾಗ, ಒಬ್ಬರು ಹೊರಗೆ ಕಾಲಿಡುತ್ತಿರುವಾಗ ಹೀಗಾದರೆ ಅದಕ್ಕಿಂತ ಘೋರ ಇನ್ನೊಂದಿಲ್ಲ. ಅದಕ್ಕೇ 2009ರ ತಿದ್ದುಪಡಿಯಲ್ಲಿ ಯುರೋಪಿನವರು ಒಂದು ಹೊಸ ರಕ್ಷಣೆ ಸೇರಿಸಿದರು. ಬಾಗಿಲು ತೆರೆದೇ ಲಿಫ್ಟ್ ಜರುಗಿದರೆ, ಅಂತಸ್ತಿನ ಮಟ್ಟದಿಂದ 1.2 ಮೀಟರ್ ದಾಟುವುದರೊಳಗೆ ಅದು ನಿಲ್ಲಲೇಬೇಕು.

ಇಷ್ಟೆಲ್ಲ ಬರೆದಿಟ್ಟದ್ದಾಯಿತು. ಇದು ಪಾಲನೆಯಾಗಿದೆ ಎಂದು ಹೇಳುವವರು ಯಾರು? ಇಲ್ಲೇ ಲಿಫ್ಟಿನ ವಿಶೇಷ ಇರುವುದು. ಫ್ರಿಜ್, ಟಿವಿ ಕಾರ್ಖಾನೆಯಿಂದ ಪೂರ್ತಿಯಾಗಿ ತಯಾರಾಗಿ ಬರುತ್ತವೆ. ಕಾರ್ಖಾನೆಯಿಂದ ಹೊರಟಾಗ ಲಿಫ್ಟ್ ಇನ್ನೂ ಲಿಫ್ಟೇ ಅಲ್ಲ. ಅದು ರೈಲು, ಹಗ್ಗ, ಮೋಟಾರ್, ಬಾಗಿಲುಗಳ ಒಂದು ರಾಶಿ. ಕಟ್ಟಡದ ಗುಂಡಿಯೊಳಗೆ ಜೋಡಿಸಿದ ಮೇಲೆ ಅದಕ್ಕೆ ಆ ಹೆಸರು. ಗೋಡೆ ಅರ್ಧ ಇಂಚು ವಾಲಿದ್ದರೂ ಅದರ ಪರಿಣಾಮ ರೈಲಿನ ಮೇಲಾಗುತ್ತದೆ.

ಆದ್ದರಿಂದ ಪರೀಕ್ಷೆಯೂ ಎರಡು ಹಂತದ್ದು. ಯುರೋಪಿನ ಒಕ್ಕೂಟ 1995ರಲ್ಲಿ ಲಿಫ್ಟಿಗೆಂದೇ ಒಂದು ನಿರ್ದೇಶನ ತಂದು 2014ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಅದರಲ್ಲಿ ಬಾಗಿಲ ಬೀಗ, ಗವರ್ನರ್, ಸೇಫ್ಟಿ ಗೇರ್, ಗುಂಡಿಯ ತಳದಲ್ಲಿ ಪೆಟ್ಟು ತಡೆಯುವ ಬಫರ್, ಇಂಥವುಗಳದ್ದೇ ಬೇರೆ ಪಟ್ಟಿ ಇದೆ. ಇವು ಒಂದೊಂದೂ ತಾವಾಗಿಯೇ ಪರೀಕ್ಷೆ ಪಾಸಾಗಿರಬೇಕು. ಆಮೇಲೆ ಜೋಡಿಸಿದ ಇಡೀ ಲಿಫ್ಟಿನ ಸರದಿ. ಅದರ ಹೊಣೆ ಜೋಡಿಸಿದ ಕಂಪನಿಯದು. ಆದರೆ ‘ನಮ್ಮದು ಸರಿ ಇದೆ’ ಎಂದು ಆ ಕಂಪನಿ ಒಂದೇ ಹೇಳಿದರೆ ಸಾಲದು. ಸರ್ಕಾರ ಗೊತ್ತು ಮಾಡಿದ, ಮಾರಾಟದಲ್ಲಿ ಪಾಲಿಲ್ಲದ ಒಂದು ಸಂಸ್ಥೆ ನಡುವೆ ಬರಲೇಬೇಕು. ಕ್ಯಾಬಿನ್ನಿನಲ್ಲಿ ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎಂದು ಹೇಳುವ ಸಿಇ ಗುರುತಿನ ಪಕ್ಕ ಕಾಣುವ ನಾಲ್ಕು ಅಂಕಿ ಆ ಸಂಸ್ಥೆಯ ಸಂಖ್ಯೆ. ನನಗೆ ಆ ನಾಲ್ಕು ಅಂಕಿಯೇ ಮುಖ್ಯ. ಏನಾದರೂ ಹೆಚ್ಚುಕಮ್ಮಿ ಆದರೆ ಯಾರನ್ನು ಕೇಳಬೇಕು ಎಂಬುದು ಅಲ್ಲಿ ಬರೆದಿರುತ್ತದೆ.

ಕೊನೆಯ ಪರೀಕ್ಷೆಯ ದಿನ ಕ್ಯಾಬಿನ್ನಿನೊಳಗೆ ಕಬ್ಬಿಣದ ಬಟ್ಟುಗಳನ್ನು ಪೇರಿಸುತ್ತಾರೆ. ಹೊರಬಲ್ಲ ಭಾರದ ಒಂದೂಕಾಲು ಪಟ್ಟು ಹೇರಿ, ಲಿಫ್ಟ್ ಜಗ್ಗದೆ ನಿಲ್ಲುತ್ತದೆಯೇ ನೋಡುತ್ತಾರೆ. ಲಿಫ್ಟ್ ಇಳಿಯುತ್ತಿರುವಾಗ ಗವರ್ನರನ್ನು ಬೇಕೆಂದೇ ಸಿಕ್ಕಿಸುತ್ತಾರೆ. ದವಡೆ ಕಚ್ಚುತ್ತದೆ, ಕ್ಯಾಬಿನ್ ಗಡಗಡ ನಡುಗಿ ನಿಲ್ಲುತ್ತದೆ. ಆಮೇಲೆ ರೈಲಿನ ಮೇಲೆ ಕಚ್ಚಿದ ಗುರುತು ಹೊಳೆಯುತ್ತಿರುತ್ತದೆ. ಫಿಟ್ಟರ್ ಅರ ಹಿಡಿದು ಆ ಗುರುತನ್ನು ನಯವಾಗಿ ಉಜ್ಜುತ್ತಾನೆ.

ಈ ಪರೀಕ್ಷೆಯೆಲ್ಲ ಹೊಸ ಲಿಫ್ಟಿನದು. ವರ್ಷಗಳು ಕಳೆದ ಹಾಗೆ ಕೊಕ್ಕೆ ಸವೆಯುತ್ತದೆ, ಬಾಗಿಲು ತುಸು ಇಳಿಬೀಳುತ್ತದೆ, 7 ಮಿಲಿಮೀಟರ್ 5 ಆಗುತ್ತದೆ. ನಿಯಮ ಬರುವ ಮೊದಲೇ ಹಾಕಿದ ಹಳೇ ಲಿಫ್ಟುಗಳೂ ಲೆಕ್ಕವಿಲ್ಲದಷ್ಟಿವೆ. ಹಳೆಯವುಗಳನ್ನು ಹೇಗೆ ಪರಿಶೀಲಿಸಬೇಕೆಂದು 2003ರಲ್ಲಿ ಯುರೋಪಿನಲ್ಲಿ ಇಎನ್ 81-80 ಎಂಬ ಮಾನದಂಡ ಬಂತು. ಅದರಲ್ಲಿ 74 ಅಪಾಯಗಳ ಪಟ್ಟಿ ಇತ್ತು. ಲಿಫ್ಟ್ ಅಂತಸ್ತಿನ ಮಟ್ಟಕ್ಕೆ ಸರಿಯಾಗಿ ನಿಲ್ಲದಿರುವುದೂ ಅದರಲ್ಲಿ ಒಂದು. ಎರಡು ಬೆರಳು ಮೇಲೆ ಕೆಳಗೆ ನಿಂತರೆ ಏನು ಮಹಾ ಅನಿಸಬಹುದು. ಕೋಲು ಹಿಡಿದು ನಡೆಯುವ ಅಜ್ಜಿಗೆ ಅದು ಸೊಂಟ ಮುರಿಯುವ ಮಾತು. ಅದಕ್ಕೇ ಹೊಸ ಲಿಫ್ಟ್ 10 ಮಿಲಿಮೀಟರಿಗಿಂತ ಜಾಸ್ತಿ ತಪ್ಪುವಂತಿಲ್ಲ.

ಲಿಫ್ಟ್ ಅಂತಸ್ತುಗಳ ನಡುವೆ ನಿಂತುಹೋದರೆ ಒಳಗೇ ಇರಿ. ಉಸಿರುಗಟ್ಟುವುದಿಲ್ಲ, ಗಾಳಿಯಾಡಲು ಕಿಂಡಿ ಇಡಲೇಬೇಕೆಂಬ ನಿಯಮವಿದೆ. ಬಾಗಿಲನ್ನು ಬಲವಂತವಾಗಿ ತೆರೆದು ಕೆಳಗಿನ ಅಂತಸ್ತಿಗೆ ಹಾರಲು ಹೋದವರು ಕಾಲು ಜಾರಿ ಕ್ಯಾಬಿನ್ನಿನ ಅಡಿಯಿಂದ ಗುಂಡಿಗೆ ಬಿದ್ದದ್ದಿದೆ. ಹೊಸ್ತಿಲ ಕೆಳಗೆ ಮುಕ್ಕಾಲು ಮೀಟರ್ ಉದ್ದದ ತಗಡು ಇಳಿಬಿಟ್ಟಿರುವುದು ಆ ಸಂದನ್ನು ಮುಚ್ಚಲೆಂದೇ. ದಯವಿಟ್ಟು ಅಲಾರಂ ಒತ್ತಿ, ಕಾಯಿರಿ.

ಮುಂದಿನ ಸಲ ‘ತಪಾಸಣೆ ನಡೆಯುತ್ತಿದೆ’ ಎಂಬ ಫಲಕ ಕಂಡು ಮೆಟ್ಟಿಲು ಹತ್ತಬೇಕಾಗಿ ಬಂದರೆ, ಗೋಡೆಯ ಆಚೆ ಏನಾಗುತ್ತಿದೆ ಎಂದು ನೆನೆಸಿಕೊಳ್ಳಿ. ಒಬ್ಬರು ಕ್ಯಾಬಿನ್ನಿನ ತಲೆಯ ಮೇಲೆ ನಿಂತು ನಿಧಾನವಾಗಿ ಇಳಿಯುತ್ತಿದ್ದಾರೆ. ಒಂದೊಂದು ಬಾಗಿಲ ಹತ್ತಿರವೂ ನಿಲ್ಲಿಸಿ ಟಾರ್ಚ್ ಬಿಡುತ್ತಾರೆ. ಕೊಕ್ಕೆ ಎಷ್ಟು ಸಿಕ್ಕಿಕೊಂಡಿದೆ ಎಂದು ಅಳೆಯುತ್ತಾರೆ. ಕೈಯಿಂದ ಬೀಗ ಬಿಡಿಸಿ, ಲಿಫ್ಟ್ ಅಲುಗದೆ ನಿಂತಿದೆಯೇ ನೋಡುತ್ತಾರೆ. ಆಮೇಲೆ ಕೆಳಗಿನ ಅಂತಸ್ತಿನ ಬಾಗಿಲು.